ಹಳೆಯ ರೇಡಿಯೋ, ಹೊಸ ವಿದ್ಯಾರ್ಥಿ

ಕೆಟ್ಟು ನಿಂತ ವಸ್ತುವಿಗೆ ಈ ಕಾಲದಲ್ಲಿ ಎರಡೇ ಗತಿಗಳು ಉಳಿದಿರುವಂತೆ ತೋರುತ್ತದೆ. ಒಂದು, ಗುಜರಿಯವನ ತಕ್ಕಡಿ. ಇನ್ನೊಂದು, ನಡುಮನೆಯ ಗಾಜಿನ ಬೀರು. ಮೊದಲನೆಯದರಲ್ಲಿ ವಸ್ತುವು ತೂಕಕ್ಕೆ ಇಳಿಯುವುದು, ಎರಡನೆಯದರಲ್ಲಿ ನೋಟಕ್ಕೆ ಇಳಿಯುವುದು. ಎರಡರಲ್ಲಿಯೂ ಅದರ ಕೆಲಸ ಮುಗಿದಂತೆಯೇ ಸರಿ. ಇವೆರಡರ ನಡುವೆ ಮೂರನೆಯ ಗತಿಯೊಂದಿತ್ತು. ಮುರಿದ ಕೊಡೆಗೂ, ತೂತು ಬಿದ್ದ ಹಂಡೆಗೂ, ನಿಂತುಹೋದ ಗೋಡೆಗಡಿಯಾರಕ್ಕೂ ಊರಿನಲ್ಲಿ ಒಬ್ಬೊಬ್ಬ ಕೈಗಾರನಿದ್ದನು. ಅವನು ಜಗಲಿಯ ಮೇಲೆ ಕುಳಿತು ತನ್ನ ಸಲಕರಣೆಗಳನ್ನು ಬಿಚ್ಚಿದನೆಂದರೆ ಮನೆಯ ಮಕ್ಕಳೆಲ್ಲ ಸುತ್ತ ನೆರೆಯುತ್ತಿದ್ದರು. ಆ ಮೂರನೆಯ ಗತಿಗೆ ದುರಸ್ತಿಯೆಂದು ಹೆಸರು. ಅರುವತ್ತು ದಾಟಿದ ಮೇಲೆ ಅದರ ಓನಾಮವನ್ನು ಕಲಿಯುವ ಯೋಗವು ನನಗೆ ಒದಗಿತು. ಆ ವೃತ್ತಾಂತವನ್ನು ವಾಚಕಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ವಸ್ತುವು ಯಾವುದೆಂದರೆ, ನಮ್ಮ ಅಣ್ಣನವರು 1964ರಲ್ಲಿ ಮನೆಗೆ ತಂದ ವಾಲ್ವು ರೇಡಿಯೋ. ಅದೇ ವರ್ಷ ನಮ್ಮ ಅತ್ತಿಗೆಯವರೂ ಈ ಮನೆಯನ್ನು ತುಂಬಿದರು. ಆಗ ನನಗೆ ಐದು ವರ್ಷ. ರೇಡಿಯೋ ಇಟ್ಟುಕೊಳ್ಳಬೇಕಾದರೆ ಅಂಚೆಯ ಕಚೇರಿಯಲ್ಲಿ ಹಣ ಕಟ್ಟಿ ವರ್ಷಕ್ಕೊಮ್ಮೆ ಪರವಾನಗಿ ಪಡೆಯಬೇಕಾಗಿದ್ದ ಕಾಲ ಅದು. ಆ ಕಟ್ಟಳೆಯು 1980ರ ದಶಕದಲ್ಲಿ ರದ್ದಾಯಿತು. ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ 1965ರಲ್ಲಿ ಆಕಾಶವಾಣಿ ನಿಲಯವು ಆರಂಭವಾದಾಗ, ಅದರ ಧ್ವನಿಯನ್ನು ಕೇಳಲು ನೆರೆಹೊರೆಯವರೆಲ್ಲ ನಮ್ಮ ನಡುಮನೆಯಲ್ಲಿ ಕುಳಿತಿದ್ದರಂತೆ. ದೆಹಲಿಯಿಂದ ಸಂಸ್ಕೃತ ವಾರ್ತೆಯು ಮೊದಲಾದದ್ದು 1974ರಲ್ಲಿ. ಪಾಠಶಾಲೆಯಿಂದ ರಜೆಗೆ ಬಂದಾಗ ಅಣ್ಣನವರು ನನಗಾಗಿಯೇ ಅದನ್ನು ಹಾಕುತ್ತಿದ್ದರು. ಪುಸ್ತಕದಲ್ಲಿ ಮಾತ್ರ ಕಂಡಿದ್ದ ಲಿಟ್ ಲೋಟ್‌ಗಳ ಭಾಷೆಯಲ್ಲಿ ಆ ದಿನದ ಮಳೆಬೆಳೆಗಳ ಸುದ್ದಿಯನ್ನು ಕೇಳುವುದು ಆ ವಯಸ್ಸಿಗೆ ಸಾಮಾನ್ಯವಾದ ಸಂತೋಷವಾಗಿರಲಿಲ್ಲ.

1991ರಲ್ಲಿ ಮನೆಗೆ ಟೆಲಿವಿಷನ್ ಬಂದಿತು; ರೇಡಿಯೋ ಮೌನವ್ರತವನ್ನು ಹಿಡಿಯಿತು. ಆರು ವರ್ಷಗಳ ಹಿಂದೆ ಅಣ್ಣನವರು ಕಾಲವಾದರು. ಅದಾದ ಎರಡು ವರ್ಷಗಳಲ್ಲಿ ಅತ್ತಿಗೆಯವರ ಎರಡು ಕಣ್ಣುಗಳೂ ನಂದಿದುವು. ಈಗ ಅವರಿಗೆ 82. ಟೆಲಿವಿಷನ್ ಅವರ ಪಾಲಿಗೆ ಅರ್ಧ ಕಥೆ ಹೇಳುವ ಹರಿದಾಸನಂತಾಯಿತು. ಅವರ ಮಗನು ಒಂದು ಹೊಸ ರೇಡಿಯೋವನ್ನು ತಂದುಕೊಟ್ಟನು. ಅದರಲ್ಲಿ ತಿರುಗಿಸತಕ್ಕ ಗುಂಡಿಯಿಲ್ಲ. ಒಂದೇ ಆಕಾರದ ಹದಿನೆಂಟು ಒತ್ತುಗುಂಡಿಗಳಿವೆ. ಯಾವ ನಿಲಯವೆಂಬುದನ್ನು ಗಾಜಿನ ಮೇಲೆ ಅಂಕಿಯಲ್ಲಿ ತೋರಿಸುವುದು. ಕಣ್ಣಿದ್ದವರಿಗೆ ಅನುಕೂಲ, ಇಲ್ಲದವರಿಗೆ ಅದು ಹದಿನೆಂಟು ಬಾಗಿಲುಗಳ ಕತ್ತಲೆಮನೆ. ಹಳೆಯ ರೇಡಿಯೋವಾದರೋ ಅವರ ಕೈಗೆ ಕಂಠಪಾಠವಾಗಿತ್ತು. ಎಡದ ಗುಂಡಿಯು ಧ್ವನಿಗೆ, ಬಲದ್ದು ನಿಲಯಕ್ಕೆ. ಬಲದ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಹಿಂದಕ್ಕೆ ಎಷ್ಟು ಸುತ್ತು ಬಂದರೆ ಬೆಂಗಳೂರು, ಎಷ್ಟು ಬಂದರೆ ಧಾರವಾಡ ಎಂಬುದು ಅವರ ಬೆರಳಿಗೆ ಗೊತ್ತು.

ಮಗನ ಸಲಹೆ ಬೇರೆಯಾಗಿತ್ತು. ಒಳಗಿನ ಸರಂಜಾಮನ್ನೆಲ್ಲ ಕಿತ್ತು ಅಲ್ಲಿ ಬ್ಲೂಟೂತ್ ಯಂತ್ರವೊಂದನ್ನು ಕೂರಿಸಿಕೊಡುವವರು ಬೆಂಗಳೂರಿನಲ್ಲಿ ಇದ್ದಾರಂತೆ. ಮರದ ಪೆಟ್ಟಿಗೆಗೆ ಪಾಲಿಷು ಹಾಕಿದರೆ ನೋಡಲು ಚೆನ್ನ ಎಂದನು. ಅತ್ತಿಗೆಯವರು ಆಗ ಏನೂ ಹೇಳಲಿಲ್ಲ. ಅವನು ಹೋದ ಮೇಲೆ ನನ್ನನ್ನು ಕರೆದು, “ನೀನು ಇಷ್ಟೆಲ್ಲ ಓದಿದವನು. ಇದೊಂದನ್ನು ಓದುವುದಕ್ಕಾಗುವುದಿಲ್ಲವೇ? ಕಣ್ಣು ಹೋಯಿತು, ಕಿವಿ ಹೋಗುವುದರೊಳಗೆ ಅದನ್ನು ಒಂದು ಸಲ ಮಾತಾಡಿಸು” ಎಂದರು. ನಾನು ಓದಿದ್ದು ವ್ಯಾಕರಣ ಮತ್ತು ತರ್ಕ. ಕಲಿಸಿದ್ದು ಕನ್ನಡ, ಸಂಸ್ಕೃತ. ವಿದ್ಯುತ್ತಿನ ವಿಷಯದಲ್ಲಿ ನನ್ನ ಪಾಂಡಿತ್ಯವು ದೀಪದ ಸ್ವಿಚ್ಚಿಗೆ ಮುಗಿಯುತ್ತಿತ್ತು. ಆದರೂ “ಪ್ರಯತ್ನ ಮಾಡುತ್ತೇನೆ, ಅತ್ತಿಗೆ” ಎಂದೆನು. ತಾಯಿಯ ಸ್ಥಾನದಲ್ಲಿ ನಿಂತು ಬೆಳೆಸಿದವರಿಗೆ ಬೇರೆ ಉತ್ತರವನ್ನು ಕೊಡುವಂತಿರಲಿಲ್ಲ.

ಗುರುವು ಸಮೀಪದಲ್ಲಿಯೇ ದೊರೆತನು. ಮೂವತ್ತು ವರ್ಷಗಳ ಹಿಂದೆ ನನ್ನಲ್ಲಿ ಶಬ್ದರೂಪಗಳನ್ನು ಬಾಯಿಪಾಠ ಮಾಡಿದ ಹುಡುಗನೊಬ್ಬನು ಪೇಟೆಯಲ್ಲಿ ಮೊಬೈಲು ರಿಪೇರಿಯ ಅಂಗಡಿಯನ್ನಿಟ್ಟಿದ್ದಾನೆ. ಅವನ ತಂದೆ ರೇಡಿಯೋ ರಿಪೇರಿಯಲ್ಲಿ ಹೆಸರಾದವರು. ಅವರು ಬಿಟ್ಟುಹೋದ ವಾಲ್ವುಗಳು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಅವನ ಬಳಿ ಇದ್ದುವು. ನಾನು ಹೋಗಿ ವಿಷಯವನ್ನು ತಿಳಿಸಲಾಗಿ, ಅವನು ಎದ್ದು ನಿಂತು, “ಮೇಷ್ಟ್ರೇ, ನಾನೇ ಬಂದು ಮಾಡಿಕೊಡುತ್ತೇನೆ” ಎಂದನು. “ಮಾಡಿಕೊಡಬೇಡ, ಕಲಿಸಿಕೊಡು” ಎಂದೆನು. ಅವನು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಮೊದಲನೆಯ ಪಾಠ ಇದು. ನಾನು ಹೇಳುವವರೆಗೆ ಅದನ್ನು ಪ್ಲಗ್ಗಿಗೆ ಹಾಕಕೂಡದು” ಎಂದನು. ತರಗತಿಯಲ್ಲಿ ನಾನು ಬಳಸುತ್ತಿದ್ದ ಧ್ವನಿಯೇ ಅದು.

ಆ ನಿಷೇಧಕ್ಕೆ ಕಾರಣವಿದೆ. ಗೋಡೆಯಿಂದ ಬರುವ ವಿದ್ಯುತ್ತನ್ನು ರೇಡಿಯೋವಿನೊಳಗಿನ ಟ್ರಾನ್ಸ್‌ಫಾರ್ಮರು ಎರಡಾಗಿ ಒಡೆಯುವುದು. ವಾಲ್ವುಗಳೊಳಗಿನ ತಂತಿಯನ್ನು ಕಾಯಿಸಲು 6.3 ವೋಲ್ಟು ಸಾಕು. ಅವುಗಳಿಂದ ಕೆಲಸ ತೆಗೆಯಲು ಸುಮಾರು 250 ವೋಲ್ಟು ಏಕಮುಖ ವಿದ್ಯುತ್ತು ಬೇಕು. ಈ ಎರಡನೆಯದನ್ನು ಕಂಡೆನ್ಸರುಗಳು ತಮ್ಮಲ್ಲಿ ಕೂಡಿಟ್ಟುಕೊಳ್ಳುತ್ತವೆ. ಪ್ಲಗ್ಗನ್ನು ಕಿತ್ತ ಮೇಲೆಯೂ ಅವು ಆ ಶಕ್ತಿಯನ್ನು ಬಿಡದೆ ಹಿಡಿದಿರಬಲ್ಲವು. ಪ್ರಾಣಾಪಾಯಕ್ಕೆ ಅಷ್ಟು ಸಾಕು. ಆದಕಾರಣ ಪ್ರತಿ ಸಲವೂ ಒಂದು ರೆಸಿಸ್ಟೆನ್ಸಿನ ಮೂಲಕ ಅವುಗಳನ್ನು ಬರಿದುಮಾಡಿ, ಮೀಟರಿನಿಂದ ಅಳೆದು ನೋಡಿಯೇ ಕೈಯಿಡಬೇಕು. ರೇಡಿಯೋ ನಡೆಯುತ್ತಿರುವಾಗ ಅಳೆಯಬೇಕಾದರೆ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿರಬೇಕು. ವಿದ್ಯುತ್ತು ಒಂದು ಕೈಯಿಂದ ಹೊಕ್ಕು ಎದೆಯ ಮೂಲಕ ಇನ್ನೊಂದು ಕೈಗೆ ಹಾಯಬಾರದೆಂಬುದೇ ಇದರ ತಾತ್ಪರ್ಯ. ಮೂವತ್ತು ವರ್ಷ ಮಲಗಿದ್ದ ರೇಡಿಯೋವಿನಲ್ಲಿ ಕಂಡೆನ್ಸರುಗಳು ಒಣಗಿಯೋ ಸೋರಿಯೋ ಇರುವುದೇ ಹೆಚ್ಚು. ಹಾಗೆಯೇ ವಿದ್ಯುತ್ತನ್ನು ಕೊಟ್ಟರೆ ಟ್ರಾನ್ಸ್‌ಫಾರ್ಮರು ಸುಟ್ಟುಹೋಗುವುದು. ಅದು ಸುಟ್ಟರೆ ಅಂಥದೇ ಇನ್ನೊಂದನ್ನು ಹುಡುಕುವುದು ಬಹು ಕಷ್ಟ.

ಹಿಂಬದಿಯ ಹಲಗೆಯನ್ನು ಬಿಚ್ಚಿ ಧೂಳನ್ನು ತೆಗೆದಾಗ ಐದು ಗಾಜಿನ ವಾಲ್ವುಗಳು ಕಂಡುವು. ಅವುಗಳ ಹೆಸರುಗಳು ಇಸಿಎಚ್ 81, ಇಎಫ್ 89, ಇಬಿಸಿ 81, ಇಎಲ್ 84, ಇಝಡ್ 80. ಮೊದಲು ಇವು ನನಗೆ ಮ್ಲೇಚ್ಛ ಬೀಜಾಕ್ಷರಗಳಂತೆ ಕಂಡುವು. ಶಿಷ್ಯನು ಬಿಡಿಸಿ ಹೇಳಿದನು. ಮೊದಲನೆಯ ಅಕ್ಷರ ‘ಇ’ ಎಂದರೆ ಕಾಯಿಸುವ ತಂತಿಗೆ 6.3 ವೋಲ್ಟು, ‘ಸಿ’ ಎಂದರೆ ಮೂರು ಧ್ರುವಗಳ ವಾಲ್ವು, ‘ಎಫ್’ ಎಂದರೆ ಐದು ಧ್ರುವಗಳದು, ‘ಎಲ್’ ಎಂದರೆ ಸ್ಪೀಕರನ್ನು ನುಡಿಸುವ ಬಲವುಳ್ಳದ್ದು, ‘ಝಡ್’ ಎಂದರೆ ಉಭಯಮುಖ ವಿದ್ಯುತ್ತನ್ನು ಏಕಮುಖ ಮಾಡುವುದು, 80ರ ಮೇಲಿನ ಅಂಕಿಗಳು ಒಂಬತ್ತು ಕಡ್ಡಿಗಳ ಪಾದವನ್ನು ಸೂಚಿಸುವುವು. ಒಂದೊಂದು ಅಕ್ಷರದಲ್ಲಿ ಒಂದೊಂದು ಗುಣವನ್ನು ಅಡಗಿಸಿಡುವ ಈ ಮಿತವ್ಯಯವು, ‘ಅಚ್’ ಎಂಬ ಎರಡಕ್ಷರದಲ್ಲಿ ಸ್ವರಗಳನ್ನೆಲ್ಲ ಕಟ್ಟಿಹಾಕಿದ ಪಾಣಿನಿಯ ದಾರಿಯಲ್ಲಿ ನಡೆದವನಿಗೆ ಅಪರಿಚಿತವಾಗಿ ಉಳಿಯಲಿಲ್ಲ.

ರೆಸಿಸ್ಟೆನ್ಸುಗಳ ಮೇಲಿನ ಬಣ್ಣದ ಪಟ್ಟೆಗಳು ಮತ್ತೂ ಸ್ವಾರಸ್ಯವಾದುವು. ಕಪ್ಪು 0, ಕಂದು 1, ಕೆಂಪು 2, ಕಿತ್ತಳೆ 3, ಹಳದಿ 4, ಹಸುರು 5, ನೀಲಿ 6, ನೇರಳೆ 7, ಬೂದು 8, ಬಿಳಿ 9. ಮೊದಲೆರಡು ಪಟ್ಟೆಗಳು ಅಂಕಿಗಳು. ಮೂರನೆಯದು ಮುಂದೆ ಎಷ್ಟು ಸೊನ್ನೆಗಳೆಂಬುದನ್ನು ತಿಳಿಸುವುದು. ಹಳದಿ, ನೇರಳೆ, ಕಿತ್ತಳೆ ಎಂದರೆ 47,000 ಓಮ್. ಇದು ನಮ್ಮ ಕಟಪಯಾದಿಯ ಸೋದರನಲ್ಲವೇ! ಧೀರಶಂಕರಾಭರಣದ ‘ಧೀ’ 9, ‘ರ’ 2; ಬಲದಿಂದ ಓದಿದರೆ 29ನೆಯ ಮೇಳ. ಅಲ್ಲಿ ಅಂಕಿಗಳು ಬಲದಿಂದ ಎಡಕ್ಕೆ ನಡೆಯುವುವು, ಇಲ್ಲಿ ಎಡದಿಂದ ಬಲಕ್ಕೆ, ಅಷ್ಟೇ ಭೇದ. ನಮ್ಮ ಪೂರ್ವಿಕರಿಗೆ ರೇಡಿಯೋ ತಿಳಿದಿತ್ತೆಂದು ಸಾಧಿಸುವ ಸಾಹಸ ನನ್ನದಲ್ಲ. ತಿಳಿದಿರಲಿಲ್ಲ. ಶಬ್ದವು ಆಕಾಶದ ಗುಣವೆಂದು ತಾರ್ಕಿಕರು ಹೇಳಿದ್ದರೂ, ಬಾನಿನಲ್ಲಿ ಹಾದುಬರುವುದು ಶಬ್ದವಲ್ಲ, ವಿದ್ಯುತ್ಕಾಂತದ ಅಲೆ. ಅದು ಶಬ್ದವಾಗುವುದು ಸ್ಪೀಕರಿನ ಕಾಗದವು ಗಾಳಿಯನ್ನು ಅಲುಗಿಸಿದ ಮೇಲೆಯೇ. ಆದರೆ ಒಂದು ಶಾಸ್ತ್ರದಲ್ಲಿ ಪಳಗಿದ ಬುದ್ಧಿಗೆ ಇನ್ನೊಂದು ಶಾಸ್ತ್ರದ ಹೊಸಿಲು ಅಷ್ಟು ಎತ್ತರವಾಗಿ ಕಾಣುವುದಿಲ್ಲವೆಂಬುದು ಅನುಭವದ ಮಾತು.

ಒಂದು ತಿಂಗಳು, ದಿನಕ್ಕೆ ಎರಡು ಗಂಟೆ ಕೆಲಸ ನಡೆಯಿತು. ಮೇಣದ ಕಾಗದದ ಕಂಡೆನ್ಸರುಗಳನ್ನು ಒಂದೊಂದಾಗಿ ತೆಗೆದು, ಅದೇ ಅಳತೆಯ ಹೊಸವನ್ನು 630 ವೋಲ್ಟು ತಾಳತಕ್ಕವುಗಳಾಗಿ ನೋಡಿ ಬೆಸೆದೆವು. ಒಂದನ್ನು ತೆಗೆದು ಒಂದನ್ನು ಹಾಕಿದ ಬಳಿಕವೇ ಮತ್ತೊಂದಕ್ಕೆ ಕೈಹಚ್ಚತಕ್ಕದ್ದೆಂಬುದು ಗುರುವಿನ ಆಜ್ಞೆ. ಅವುಗಳಲ್ಲಿ ಒಂದನ್ನು ಅವನು ವಿಶೇಷವಾಗಿ ತೋರಿಸಿದನು. ಅದು ಇಎಲ್ 84 ವಾಲ್ವಿನ ಬಾಗಿಲಲ್ಲಿ ಕುಳಿತಿರುವ 0.01 ಮೈಕ್ರೋಫ್ಯಾರಡಿನ ಪುಟ್ಟ ಕಂಡೆನ್ಸರು. ಹಿಂದಿನ ವಾಲ್ವಿನಿಂದ ಬರುವ ಧ್ವನಿಯ ಏರಿಳಿತವನ್ನು ಮಾತ್ರ ಒಳಗೆ ಬಿಟ್ಟು, ಅದರ ಜೊತೆಗಿರುವ ಏಕಮುಖ ವೋಲ್ಟೇಜನ್ನು ಹೊರಗೇ ತಡೆಯುವುದು ಅದರ ಧರ್ಮ. ಅದು ಸೋರಿದರೆ ವಾಲ್ವು ಮಿತಿಮೀರಿದ ವಿದ್ಯುತ್ತನ್ನು ಎಳೆದು ತಾನೂ ಕೆಟ್ಟು, ಸ್ಪೀಕರಿನ ಟ್ರಾನ್ಸ್‌ಫಾರ್ಮರನ್ನೂ ಕೆಡಿಸುವುದು. ದೊಡ್ಡ ಕಂಡೆನ್ಸರುಗಳ ಸ್ಥಾನದಲ್ಲಿ 450 ವೋಲ್ಟಿನ, 47 ಮೈಕ್ರೋಫ್ಯಾರಡಿನವನ್ನು ಹಾಕಿದೆವು. ದೊಡ್ಡದಾದಷ್ಟೂ ಒಳ್ಳೆಯದಲ್ಲವೇ ಎಂದು ಕೇಳಿದೆನು. “ಇಝಡ್ 80ಕ್ಕೆ 50ರ ಮೇಲೆ ತಡೆಯದು, ಮೇಷ್ಟ್ರೇ. ಅದರ ಹಸಿವಿಗೆ ತಕ್ಕಷ್ಟೇ ಬಡಿಸಬೇಕು” ಎಂದನು.

ಬಳಿಕ ಪ್ಲಗ್ಗಿಗೆ ಹಾಕುವ ದಿನ ಬಂದಿತು. ಅದೂ ನೇರವಾಗಿ ಅಲ್ಲ. ವಿದ್ಯುತ್ತಿನ ದಾರಿಯಲ್ಲಿ ಹಳೆಯ ಕಾಲದ 60 ವ್ಯಾಟಿನ ತಂತಿಬಲ್ಬೊಂದನ್ನು ಕೂರಿಸಿದೆವು. ರೇಡಿಯೋವಿನಲ್ಲಿ ಎಲ್ಲಿಯಾದರೂ ದಾರಿ ತಪ್ಪಿ ವಿದ್ಯುತ್ತು ಹರಿದರೆ ಬಲ್ಬು ಪೂರ್ಣವಾಗಿ ಉರಿದು ಆ ಭಾರವನ್ನು ತಾನು ಹೊರುವುದು. ಸರಿಯಾಗಿದ್ದರೆ ಮೊದಲು ಬೆಳಗಿ, ಕ್ರಮೇಣ ಮಂಕಾಗುವುದು. ನಮ್ಮದು ಬೆಳಗಿತು, ನಿಧಾನವಾಗಿ ಮಂಕಾಯಿತು. ವಾಲ್ವುಗಳೊಳಗೆ ಕೆಂಡದ ಬಣ್ಣದ ಬೆಳಕು ಮೂಡಿತು. ಧ್ವನಿಯ ಗುಂಡಿಯ ತುದಿಗೆ ತಂತಿಯ ಮೊನೆಯನ್ನು ಮುಟ್ಟಿಸಿದರೆ ಸ್ಪೀಕರು ‘ಘುಂ’ ಎಂದಿತು. ಆದರೆ ನಿಲಯದ ಮುಳ್ಳನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದರೂ ಒಂದು ನಿಲಯವೂ ಇಲ್ಲ. ಸಣ್ಣಗೆ ‘ಹುಸ್’ ಎಂಬ ಸದ್ದು ಮಾತ್ರ.

ಇಲ್ಲಿ ರೇಡಿಯೋವಿನ ಒಳಮರ್ಮವನ್ನು ಸ್ವಲ್ಪ ಹೇಳಬೇಕು. ನಿಲಯಗಳು ಒಂದೊಂದೂ ಒಂದೊಂದು ಆವರ್ತದಲ್ಲಿ ಪ್ರಸಾರ ಮಾಡುವುವಷ್ಟೆ. ಅವೆಲ್ಲವನ್ನೂ ಅವವುಗಳ ಆವರ್ತದಲ್ಲಿಯೇ ಬೆಳೆಸಿಕೊಳ್ಳುವುದು ತೊಡಕು. ಆದುದರಿಂದ ರೇಡಿಯೋ ತನ್ನೊಳಗೇ ಇನ್ನೊಂದು ಅಲೆಯನ್ನು ಹುಟ್ಟಿಸಿ, ಬಂದ ಅಲೆಯೊಡನೆ ಬೆರಸಿ, ಎರಡರ ವ್ಯತ್ಯಾಸವು ಯಾವಾಗಲೂ 455 ಕಿಲೋಹರ್ಟ್ಸ್ ಆಗುವಂತೆ ನೋಡಿಕೊಳ್ಳುವುದು. ಬೆಂಗಳೂರು 612ರಲ್ಲಿ ಬಂದರೆ, ಒಳಗಿನ ಅಲೆ 1067. ಧಾರವಾಡ 765ರಲ್ಲಿ ಬಂದರೆ, ಒಳಗಿನದು 1220. ಅಮೆರಿಕದ ಆರ್ಮ್‌ಸ್ಟ್ರಾಂಗ್ ಎಂಬುವರು 1918ರಲ್ಲಿ ಕಂಡುಹಿಡಿದ ಉಪಾಯವಿದು. ನಮ್ಮ ರೇಡಿಯೋವಿನಲ್ಲಿ ಈ ಒಳ ಅಲೆಯೇ ಹುಟ್ಟುತ್ತಿಲ್ಲವೆಂಬುದು ಶಿಷ್ಯನ ಊಹೆ. ಊಹೆಯನ್ನು ಅನುಮಾನಪ್ರಮಾಣಕ್ಕೆ ಏರಿಸಲು ಹೇತುವೊಂದು ಬೇಕಲ್ಲ! ಬೆಟ್ಟದಲ್ಲಿ ಬೆಂಕಿಯುಂಟೆನ್ನಲು ಹೊಗೆ ಬೇಕು.

ಆ ಹೊಗೆಯನ್ನು ಕಾಣುವ ಕ್ರಮವು ಬಹು ಸುಂದರವಾದದ್ದು. ಅತ್ತಿಗೆಯವರ ಒತ್ತುಗುಂಡಿಯ ಹೊಸ ರೇಡಿಯೋವನ್ನು ತಂದು, ನಿಲಯವಿಲ್ಲದ 1071ರ ಸ್ಥಾನದಲ್ಲಿ ನಿಲ್ಲಿಸಿ, ಹಳೆಯದರ ಪಕ್ಕದಲ್ಲಿಟ್ಟೆವು. ಅದು ಬರಿಯ ‘ಹುಸ್’ ಎನ್ನುತ್ತಿರುವುದು. ಹಳೆಯದರ ಮುಳ್ಳನ್ನು 616ರ ಸುತ್ತಮುತ್ತ ಮೆಲ್ಲಗೆ ಸರಿಸುತ್ತ ಹೋದರೆ, ಅದರ ಒಳ ಅಲೆ ಜೀವಂತವಾಗಿದ್ದ ಪಕ್ಷದಲ್ಲಿ, ಒಂದು ಬಿಂದುವಿನಲ್ಲಿ ಹೊಸ ರೇಡಿಯೋವಿನ ‘ಹುಸ್’ ತಟ್ಟನೆ ತಗ್ಗುವುದು. ಅಂದರೆ ಇಲ್ಲಿ ಕೇಳಬೇಕಾದದ್ದು ಶಬ್ದವನ್ನಲ್ಲ, ಮೌನವನ್ನು. “ಇದಕ್ಕೆ ನನ್ನನ್ನು ಕೂರಿಸಿರಿ” ಎಂದರು ಅತ್ತಿಗೆ. ಅವರು ಕಿವಿಗೊಟ್ಟು ಕುಳಿತರು. ನಾನು ಮುಳ್ಳನ್ನು ಸರಿಸಿದೆನು. ಮೂರು ಸಲ ಹೋಗಿ ಬಂದರೂ ‘ಹುಸ್’ ನಿಲ್ಲಲಿಲ್ಲ. ಅವರು ತಲೆಯಲ್ಲಾಡಿಸಿದರು.

ಮುಂದಿನದು ಅನ್ವಯವ್ಯತಿರೇಕದ ಕೆಲಸ. ಇಸಿಎಚ್ 81 ವಾಲ್ವು ಕೆಟ್ಟಿರಬಹುದೆಂದು ಡಬ್ಬಿಯಿಂದ ಇನ್ನೊಂದನ್ನು ತೆಗೆದು ಹಾಕಿದೆವು, ದೋಷವು ಹಾಗೆಯೇ ಇತ್ತು, ವಾಲ್ವು ನಿರಪರಾಧಿಯೆಂದಾಯಿತು. ಅದಕ್ಕೆ ವೋಲ್ಟೇಜನ್ನು ಒಯ್ಯುವ ರೆಸಿಸ್ಟೆನ್ಸಿನ ಒಂದು ತುದಿಯಲ್ಲಿ ಅಳೆದರೆ 230 ವೋಲ್ಟು. ಇನ್ನೊಂದು ತುದಿಯಲ್ಲಿ ಸೊನ್ನೆ. ಎಲ್ಲವನ್ನೂ ಆರಿಸಿ, ಬರಿದುಮಾಡಿ, ಅದನ್ನು ಬಿಡಿಸಿ ನೋಡಲಾಗಿ ಮೈಮೇಲೆ ಮೂರೂ ಪಟ್ಟೆಗಳು ಕಿತ್ತಳೆಯವೇ. ಅಂದರೆ 33,000 ಓಮ್. ಮೀಟರಾದರೋ ಅದು ಪೂರ್ತಿ ಕಡಿದುಹೋಗಿದೆಯೆಂದು ತೋರಿಸಿತು. ಹೊರಗೆ ಒಂದು ಬಿರುಕೂ ಇರಲಿಲ್ಲ. ಹೊಸದೊಂದನ್ನು ನನ್ನ ಕೈಯಿಂದಲೇ ಬೆಸೆದೆನು. ಬೆಲೆ ಎರಡು ರೂಪಾಯಿ. ಮತ್ತೆ ಅದೇ ಪರೀಕ್ಷೆ. ಮುಳ್ಳು 616ರ ಹತ್ತಿರ ಬರುತ್ತಿದ್ದಂತೆ ಅತ್ತಿಗೆಯವರು ಕೈಯೆತ್ತಿ, “ನಿಂತಿತು, ನೋಡು, ನಿಂತಿತು” ಎಂದರು. ನಮ್ಮಿಬ್ಬರಿಗೂ ಅದು ಇನ್ನೂ ಕೇಳಿಸಿರಲಿಲ್ಲ. ಸ್ವಲ್ಪ ಮುಂದಕ್ಕೆ ಹೋದ ಮೇಲೆ ನಮಗೂ ತಿಳಿಯಿತು.

ಆ ಸಂಜೆಯೇ ಹಿತ್ತಿಲ ತೆಂಗಿನ ಮರಕ್ಕೆ ತಾಮ್ರದ ತಂತಿಯನ್ನು ಎಳೆದು ಕಟ್ಟಿದೆವು. ನಿಲಯಗಳು ಬಂದುವು, ಆದರೆ ಅವುಗಳ ಮೇಲೆ ‘ಗುರ್’ ಎಂಬ ಕರಕರೆಯೊಂದು ಹರಡಿಕೊಂಡಿತ್ತು. ಈ ಕಾಲದ ಎಲ್‌ಇಡಿ ದೀಪಗಳೂ ಮೊಬೈಲಿನ ಚಾರ್ಜರುಗಳೂ ಮಧ್ಯಮತರಂಗಕ್ಕೆ ಇಂಥ ಉಪದ್ರವವನ್ನು ಕೊಡುವುವಂತೆ. ಚಾರ್ಜರನ್ನು ಕಿತ್ತು, ನಡುಮನೆಯ ದೀಪವನ್ನು ಆರಿಸಿದೆವು. ಕರಕರೆ ಅಡಗಿತು. ಮುಳ್ಳಿನ ಹಿಂದಿನ ಮಸುಕು ಬೆಳಕೊಂದೇ ಉಳಿಯಿತು. ಕತ್ತಲೆಯಿಂದ ಅತ್ತಿಗೆಯವರಿಗೆ ಆಗಬೇಕಾದ ನಷ್ಟವೇನೂ ಇರಲಿಲ್ಲ. ಅವರು ಎದ್ದು ಬಂದು ಬಲದ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಹಿಂದಕ್ಕೆ ಲೆಕ್ಕವಿಟ್ಟು ಬಂದು ಒಂದು ಕಡೆ ನಿಲ್ಲಿಸಿದರು. ಬೆಂಗಳೂರು ಮಾತಾಡಿತು. ಇನ್ನೂ ಸ್ವಲ್ಪ ತಿರುಗಿಸಿದರು, ಧಾರವಾಡ. “ನಿಮ್ಮಣ್ಣ ಧ್ವನಿಯನ್ನು ಇಷ್ಟು ಜೋರಾಗಿ ಇಡುತ್ತಿರಲಿಲ್ಲ” ಎಂದು ಎಡದ ಗುಂಡಿಯನ್ನು ಕೊಂಚ ತಗ್ಗಿಸಿದರು. ಆ ರಾತ್ರಿ ಅವರು ಬೇರೆ ಏನನ್ನೂ ಹೇಳಲಿಲ್ಲ; ಊಟಕ್ಕೆ ಎರಡು ಸಲ ಕರೆಯಬೇಕಾಯಿತು.

ಗುರುದಕ್ಷಿಣೆಯೆಂದು ಹಣ ಕೊಡಹೋದರೆ ಶಿಷ್ಯನು ಬಿಡಿಭಾಗಗಳ 640 ರೂಪಾಯಿಗಳನ್ನು ಮಾತ್ರ ಎಣಿಸಿಕೊಂಡನು. “ನಮ್ಮಪ್ಪ ಹೋದ ಮೇಲೆ ಆ ಡಬ್ಬಿಯನ್ನು ತೆರೆದದ್ದು ಇದೇ ಮೊದಲು, ಮೇಷ್ಟ್ರೇ. ಯಾರೂ ಕೇಳಿಕೊಂಡು ಬರಲಿಲ್ಲ” ಎಂದನು. ಅವನ ಮಾತು ನನ್ನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು. ವಿದ್ಯೆಯು ಕಲಿಸುವವರಿಲ್ಲದೆ ನಾಶವಾಗುವುದೆಂದು ನಾವು ಸಾಮಾನ್ಯವಾಗಿ ಮರುಗುತ್ತೇವೆ. ಕೇಳುವವರಿಲ್ಲದೆಯೇ ಹೆಚ್ಚಾಗಿ ನಾಶವಾಗುವುದೆಂದು ಈಗ ತೋರುತ್ತಿದೆ. ನನ್ನ ಪಾಠಶಾಲೆಯ ವಿದ್ಯೆಗೂ ಅವನ ಡಬ್ಬಿಯ ವಾಲ್ವುಗಳಿಗೂ ಈ ವಿಷಯದಲ್ಲಿ ಒಂದೇ ಜಾತಕ.

1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರವನ್ನು ಆರಂಭಿಸಿ, ಅದು ‘ಆಕಾಶವಾಣಿ’ಯೆಂದು ಹೆಸರಾಯಿತು, 1950ರ ದಶಕದಲ್ಲಿ ದೇಶದ ಬಾನುಲಿಯೆಲ್ಲವೂ ಆ ಹೆಸರನ್ನು ತಳೆಯಿತು. ಅವರು ಮನಶ್ಶಾಸ್ತ್ರದ ಅಧ್ಯಾಪಕರು, ಯಂತ್ರಶಾಸ್ತ್ರದವರಲ್ಲ. ಅಧಿಕಾರವು ಕುತೂಹಲವನ್ನು ಹಿಂಬಾಲಿಸಿ ಬರುವುದಲ್ಲದೆ ಮುಂದಾಗಿ ಬಂದು ನಿಲ್ಲುವುದಿಲ್ಲವೆಂಬುದಕ್ಕೆ ಇಷ್ಟು ದೊಡ್ಡ ಉದಾಹರಣೆಯಿರುವಾಗ, ವಾಚಕರು ತಮ್ಮ ಮನೆಯ ಅಟ್ಟದ ಮೇಲೆ ಮೌನವಾಗಿರುವ ವಸ್ತುವನ್ನು ತಕ್ಕಡಿಗೆ ಕೊಡುವ ಮುನ್ನ, ಊರಿನಲ್ಲಿ ಅದರ ಮರ್ಮವನ್ನು ಬಲ್ಲವರು ಇನ್ನೂ ಯಾರಿದ್ದಾರೆಂದು ಒಮ್ಮೆ ವಿಚಾರಿಸಬಹುದು. ಯಾರ ಕೈಯ ಲೆಕ್ಕವು ಅದರ ಗುಂಡಿಗಳಲ್ಲಿ ಉಳಿದಿದೆಯೆಂಬುದನ್ನೂ ಮನೆಯ ಹಿರಿಯರನ್ನು ಕೇಳಿ ತಿಳಿಯಬಹುದು.